ಒಡೆಯನನ್ನು ಗುರುತಿಸದ ಕಾವಲುಗಾರ

ಪರಸ್ಥಳಕ್ಕೆ ಹೋಗಿದ್ದ ಯಜಮಾನನು ನಡುರಾತ್ರಿಯಲ್ಲಿ ಮನೆಗೆ ಹಿಂದಿರುಗುತ್ತಾನೆ. ಹೊಸದಾಗಿ ಬಂದ ಕಾವಲುಗಾರನು ಅವನನ್ನು ಗುರುತಿಸದೆ ಬಾಗಿಲಲ್ಲಿಯೇ ತಡೆಯುತ್ತಾನೆ. ಕಾವಲುಗಾರನದು ತಪ್ಪೆನ್ನುವಂತಿಲ್ಲ, ಗುರುತು ಕಾಣದವರನ್ನು ಒಳಗೆ ಬಿಡಬಾರದೆಂಬುದೇ ಅವನಿಗಿರುವ ಅಪ್ಪಣೆ. ಯಜಮಾನನು ಮಾತ್ರ ತನ್ನ ಮನೆಯ ಮುಂದೆಯೇ ಚಳಿಯಲ್ಲಿ ನಿಲ್ಲಬೇಕಾಗುತ್ತದೆ. ಕಳ್ಳತನವನ್ನು ತಡೆಯುವ ಸಾಧನವುಳ್ಳ ಮೋಟಾರು ಕಾರಿನ ಒಡೆಯನಿಗೂ ಒಮ್ಮೊಮ್ಮೆ ಇಂಥದೇ ಪಾಡು ಒದಗುವುದುಂಟು.

ಬಹುಕಾಲದವರೆಗೆ ಕಾರಿನ ಕೀಲಿಕೈಗೂ ಪೆಟ್ಟಿಗೆಯ ಕೀಲಿಕೈಗೂ ಹೆಚ್ಚಿನ ಭೇದವಿರಲಿಲ್ಲ. ಹಲ್ಲುಗಳು ಹೊಂದಿದರೆ ಬೀಗವು ತಿರುಗುತ್ತಿತ್ತು. ವಿದ್ಯುತ್ತು ಹರಿದು ಎಂಜಿನ್ ಚಲಿಸುತ್ತಿತ್ತು. ಕಳ್ಳನಾದವನು ಬೀಗವನ್ನೇ ಕಿತ್ತು, ತಂತಿಗಳನ್ನು ಕೂಡಿಸಿ ಕಾರನ್ನು ಒಯ್ಯುತ್ತಿದ್ದನು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಯ ಕಾರ್ವೆಟ್ ಎಂಬ ವೇಗದ ಕಾರು ಕಳ್ಳರಿಗೆ ಬಹು ಪ್ರಿಯವಾಗಿತ್ತು. ಅದನ್ನು ಕಾಯಲು ೧೯೮೬ರ ಮಾದರಿಯಲ್ಲಿ ಆ ಕಂಪನಿಯು ಹೊಸ ಉಪಾಯವೊಂದನ್ನು ಹೂಡಿತು.

ಕೀಲಿಕೈಯ ಅಲಗಿನಲ್ಲಿ ಒಂದು ಸಣ್ಣ ಗುಳಿಗೆಯನ್ನು ಕೂರಿಸಿದರು. ಅದರೊಳಗೆ ಇರುವುದು ಒಂದು ರೋಧಕ. ವಿದ್ಯುತ್ ಪ್ರವಾಹಕ್ಕೆ ರೋಧಕವು ಒಡ್ಡುವ ಅಡ್ಡಿಯನ್ನು ಓಮ್‌ಗಳಲ್ಲಿ ಅಳೆಯುತ್ತಾರೆ. ಈ ಗುಳಿಗೆಗಳಲ್ಲಿ ೧೫ ಬಗೆ. ಅತಿ ಕಡಿಮೆಯದು ೪೦೨ ಓಮ್, ಅತಿ ಹೆಚ್ಚಿನದು ೧೧,೮೦೦ ಓಮ್. ಕೀಲಿಕೈಯನ್ನು ಬೀಗದಲ್ಲಿಟ್ಟು ತಿರುಗಿಸಿದೊಡನೆ, ಕಾರಿನೊಳಗೆ ಅಡಗಿಸಿಟ್ಟ ವಿದ್ಯುನ್ಮಾನ ಪೆಟ್ಟಿಗೆಯೊಂದು ಈ ರೋಧವನ್ನು ಅಳೆದು ನೋಡುತ್ತದೆ. ಅಳತೆ ತಾಳೆಯಾದರೆ ಎಂಜಿನ್ನನ್ನು ಮೊದಲು ತಿರುಗಿಸುವ ಸ್ಟಾರ್ಟರ್ ಮೋಟಾರಿಗೂ ಇಂಧನಕ್ಕೂ ಅಪ್ಪಣೆ ದೊರೆಯುತ್ತದೆ. ತಾಳೆಯಾಗದಿದ್ದರೆ ಎರಡಕ್ಕೂ ತಡೆ. ಅಷ್ಟೇ ಅಲ್ಲದೆ, ೨ರಿಂದ ೪ ನಿಮಿಷಗಳವರೆಗೆ ಸರಿಯಾದ ಕೀಲಿಕೈಯನ್ನು ಹಾಕಿದರೂ ಪೆಟ್ಟಿಗೆಯು ಓಗೊಡುವುದಿಲ್ಲ. ಹದಿನೈದನ್ನೂ ಒಂದೊಂದಾಗಿ ಪರೀಕ್ಷಿಸಹೊರಟ ಕಳ್ಳನಿಗೆ ಸುಮಾರು ಒಂದು ಗಂಟೆ ಹಿಡಿದೀತು. ಪರರ ಕಾರಿನಲ್ಲಿ ಅಷ್ಟು ಹೊತ್ತು ಕುಳಿತಿರುವ ಧೈರ್ಯ ಯಾವ ಕಳ್ಳನಿಗಿದ್ದೀತು?

ಇಂಥ ಕಾರೊಂದು ಹಲವು ವರ್ಷ ಓಡಿದೆಯೆಂದು ಭಾವಿಸೋಣ. ಒಂದು ಬೆಳಗ್ಗೆ ಒಡೆಯನು ಕೀಲಿಕೈಯನ್ನು ತಿರುಗಿಸುತ್ತಾನೆ. ದೀಪಗಳು ಹೊತ್ತುತ್ತವೆ, ಎಂಜಿನ್ ಮಾತ್ರ ಮೌನ. ಅವಸರದ ಮೆಕ್ಯಾನಿಕನು ಬ್ಯಾಟರಿಯನ್ನು ಬದಲಾಯಿಸುತ್ತಾನೆ. ಅಷ್ಟರಲ್ಲಿ ತಡೆಯ ಅವಧಿ ಮುಗಿದಿರುತ್ತದೆ. ಮತ್ತೆ ತಿರುಗಿಸಿದಾಗ ಗುಳಿಗೆಯ ಅಳತೆಯೂ ಹೇಗೋ ಸರಿಯಾಗಿ ತಲುಪಿ ಎಂಜಿನ್ ಚಲಿಸಿಬಿಡುತ್ತದೆ. ಕೀರ್ತಿಯೆಲ್ಲ ಹೊಸ ಬ್ಯಾಟರಿಗೆ! ವಾರ ಕಳೆಯುವಷ್ಟರಲ್ಲಿ ಮತ್ತೆ ಅದೇ ಮೌನ. ಈ ಸಲ ಸ್ಟಾರ್ಟರ್ ಮೋಟಾರಿನ ಸರದಿ. ಹೀಗೆ ಒಡೆಯನ ಹಣವು ಕರಗುತ್ತದೆಯೇ ಹೊರತು ದೋಷವು ಇದ್ದಲ್ಲಿಯೇ ಇರುತ್ತದೆ. ಬಂದು ಹೋಗುವ ದೋಷವನ್ನು ಹಿಡಿಯುವುದು ಸದಾ ಇರುವ ದೋಷವನ್ನು ಹಿಡಿಯುವುದಕ್ಕಿಂತ ಕಷ್ಟ.

ವಿವೇಕಿಯಾದ ಮೆಕ್ಯಾನಿಕನು ಹೀಗೆ ಮಾಡುವುದಿಲ್ಲ. ತಡೆಯುತ್ತಿರುವವನು ಕಾವಲುಗಾರನೇ ಹೌದೆ ಎಂಬುದನ್ನು ಅವನು ಮೊದಲು ನಿಶ್ಚಯಿಸಿಕೊಳ್ಳುತ್ತಾನೆ. ಮುಂಭಾಗದ ದೀಪಗಳನ್ನು ಹೊತ್ತಿಸಿ ಕೀಲಿಕೈಯನ್ನು ತಿರುಗಿಸುತ್ತಾನೆ. ದೀಪಗಳು ಮಂಕಾದರೆ ಬ್ಯಾಟರಿಯೋ ಅದರ ತಂತಿಗಳೋ ದುರ್ಬಲವಾಗಿರಬೇಕು. ಗೇರು ಸರಿಯಾದ ಸ್ಥಾನದಲ್ಲಿಲ್ಲದಿದ್ದರೂ ಸ್ಟಾರ್ಟರ್ ತಿರುಗದೆಂಬುದನ್ನು ಅವನು ಮರೆಯುವುದಿಲ್ಲ. ಇವೆಲ್ಲ ಸರಿಯಾಗಿದ್ದು, ದೀಪಗಳು ಪ್ರಕಾಶವಾಗಿ ಉರಿಯುತ್ತಿದ್ದರೂ ಸ್ಟಾರ್ಟರ್ ಸದ್ದು ಮಾಡದಿದ್ದರೆ ಕಾವಲುಗಾರನ ಮೇಲೆ ಸಂಶಯಪಡಬಹುದು.

ಈಗ ಅಳತೆಯ ಕೆಲಸ. ಮಲ್ಟಿಮೀಟರಿನ ಎರಡು ತುದಿಗಳನ್ನು ಗುಳಿಗೆಯ ಎರಡು ಬದಿಗಳಿಗೆ ತಾಗಿಸುತ್ತಾನೆ. ೧,೧೩೦ ಓಮ್ ಬಂದಿತೆನ್ನೋಣ. ಇದು ಹದಿನೈದು ಬೆಲೆಗಳಲ್ಲಿ ಒಂದು. ಆದುದರಿಂದ ಕೀಲಿಕೈ ನಿರ್ದೋಷಿ. ಬಳಿಕ ಸ್ಟಿಯರಿಂಗ್ ಕಂಬದ ಬುಡದಲ್ಲಿ, ಬೀಗದಿಂದ ಇಳಿದುಬಂದ ಎರಡು ತೆಳುವಾದ ತಂತಿಗಳ ಜೋಡಣೆಯನ್ನು ಬಿಡಿಸಿ, ಕೀಲಿಕೈಯನ್ನು ಬೀಗದಲ್ಲಿಟ್ಟು ಅಲ್ಲಿಯೂ ಅಳೆಯುತ್ತಾನೆ. ಇಲ್ಲಿಯೂ ೧,೧೩೦ ಬರಬೇಕು. ಕೀಲಿಕೈಯನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸುತ್ತಿರುವಾಗ ಅಂಕಿಯು ಥಟ್ಟನೆ ಮೇಲೇರಿ, ಅನಂತವಾಗಿ, ಮತ್ತೆ ೧,೧೩೦ಕ್ಕೆ ಇಳಿದರೆ ಕಳ್ಳ ಸಿಕ್ಕಿದಂತೆಯೇ! ಕೀಲಿಕೈ ತಿರುಗಿದಾಗಲೆಲ್ಲ ಈ ತಂತಿಗಳೂ ಹುರಿಗೊಳ್ಳುತ್ತವೆ. ವರ್ಷಗಟ್ಟಲೆ ಹೀಗೆ ತಿರುಚಿದ ತಂತಿಯ ಎಳೆಗಳು ಹೊದಿಕೆಯೊಳಗೇ ಒಂದೊಂದಾಗಿ ಕಡಿದುಹೋಗುತ್ತವೆ. ಹೊರಗಿನಿಂದ ನೋಡಿದವರಿಗೆ ತಂತಿಯು ಇಡಿಯಾಗಿಯೇ ಕಾಣುತ್ತದೆ. ಕಾವಲುಗಾರನ ಕಣ್ಣಿನಲ್ಲಿ ದೋಷವಿಲ್ಲ. ಒಡೆಯನ ಗುರುತು ಅವನವರೆಗೆ ತಲುಪುತ್ತಿಲ್ಲ.

ಬೀಗವನ್ನು ತಂತಿಗಳೊಡನೆ ಬದಲಾಯಿಸುವುದೇ ಇದಕ್ಕೆ ಸರಿಯಾದ ಪರಿಹಾರ. ಕೆಲವರು ಇದಕ್ಕಿಂತ ಅಗ್ಗದ ದಾರಿಯನ್ನು ಹಿಡಿದರು. ಅದೇ ಬೆಲೆಯ ರೋಧಕವೊಂದನ್ನು ಅಂಗಡಿಯಿಂದ ತಂದು ತಂತಿಗೆ ಶಾಶ್ವತವಾಗಿ ಕೂಡಿಸಿಬಿಟ್ಟರು. ಕಾರು ಓಡಿತು, ನಿಜ. ಆದರೆ ಅಂದಿನಿಂದ ಕಾವಲುಗಾರನು ಬಂದವರಿಗೆಲ್ಲ ತಲೆಬಾಗುವವನಾದನು. ಈ ರಿಪೇರಿಯನ್ನು ರಿಪೇರಿಯೆನ್ನುವುದಕ್ಕೆ ನನ್ನ ಮನಸ್ಸು ಒಪ್ಪುವುದಿಲ್ಲ.

ಕಾಲಕ್ರಮದಲ್ಲಿ ತಂತಿಯ ತೊಡಕೇ ಇಲ್ಲದ ವಿಧಾನವೊಂದು ಬಂದಿತು. ಕೀಲಿಕೈಯ ಹಿಡಿಯಲ್ಲಿ ಅಕ್ಕಿಕಾಳಿಗಿಂತ ತುಸು ದೊಡ್ಡದಾದ ಚಿಪ್ ಒಂದನ್ನು ಅಡಗಿಸಿದರು. ಅದಕ್ಕೆ ಬ್ಯಾಟರಿಯಿಲ್ಲ. ಬೀಗದ ಸುತ್ತಲಿರುವ ತಂತಿಯ ಸುರುಳಿಯು ಅದಕ್ಕೆ ಗಾಳಿಯ ಮೂಲಕವೇ ಶಕ್ತಿಯನ್ನು ಕೊಡುತ್ತದೆ. ಎಚ್ಚೆತ್ತ ಚಿಪ್ಪು ತನ್ನ ಗುಪ್ತ ಸಂಕೇತವನ್ನು ಹೇಳುತ್ತದೆ. ಇಂಥ ತಡೆಯ ಸಾಧನವು ಹೊಸ ಕಾರುಗಳಲ್ಲಿ ಇರಲೇಬೇಕೆಂಬ ನಿಯಮವು ಬ್ರಿಟನ್ನಿನಲ್ಲಿ ೧೯೯೮ರಲ್ಲಿಯೂ ಆಸ್ಟ್ರೇಲಿಯದಲ್ಲಿ ೨೦೦೧ರಲ್ಲಿಯೂ ಕೆನಡದಲ್ಲಿ ೨೦೦೭ರಲ್ಲಿಯೂ ಜಾರಿಗೆ ಬಂದಿತು.

ಈ ಹೊಸ ಕಾವಲುಗಾರನು ಮುನಿದರೆ ಲಕ್ಷಣವೂ ಬೇರೆ. ಅನೇಕ ಕಾರುಗಳಲ್ಲಿ ಎಂಜಿನ್ ಚಲಿಸಿ, ಒಂದೆರಡು ಕ್ಷಣಗಳಲ್ಲಿಯೇ ನಿಂತುಬಿಡುತ್ತದೆ. ಎದುರಿನ ಫಲಕದಲ್ಲಿ ಕೀಲಿಕೈಯ ಇಲ್ಲವೆ ಬೀಗದ ಚಿತ್ರವುಳ್ಳ ದೀಪವು ಮಿನುಗುತ್ತದೆ. ಒಂದೇ ಬಳೆಯಲ್ಲಿ ಇನ್ನೊಂದು ಕಾರಿನ ಕೀಲಿಕೈ ತೂಗುತ್ತಿದ್ದರೆ ಎರಡು ಚಿಪ್ಪುಗಳೂ ಒಟ್ಟಿಗೆ ಉತ್ತರಕೊಟ್ಟು ಗಲಿಬಿಲಿಯಾಗಬಹುದು. ಅದನ್ನು ಮೊದಲು ಬೇರ್ಪಡಿಸಬೇಕು. ಆಮೇಲೆ, ಕಾರನ್ನು ಕೊಂಡಾಗ ದೊರೆತು ಮನೆಯ ಪೆಟ್ಟಿಗೆಯಲ್ಲಿ ಬಿದ್ದಿರುವ ಎರಡನೆಯ ಕೀಲಿಕೈಯನ್ನು ತರಿಸಬೇಕು. ಅದರಿಂದ ಎಂಜಿನ್ ನಿಲ್ಲದೆ ಚಲಿಸಿದರೆ ದೋಷವು ಮೊದಲನೆಯ ಕೀಲಿಕೈಯ ಚಿಪ್ಪಿನಲ್ಲಿರುವ ಸಂಭವವೇ ಹೆಚ್ಚು. ಅದೂ ಸೋತರೆ ಬೀಗದ ಸುತ್ತಲಿನ ಸುರುಳಿಯನ್ನೂ ಅದರ ಜೋಡಣೆಗಳನ್ನೂ ಪರೀಕ್ಷಿಸಲು ತೊಡಗಬೇಕು.