ಸ್ಲ್ಯಾಕ್‌ಲೈನ್ ಕಟ್ಟುವವರಿಗೆ: ಮರಕ್ಕೆ ನೋವಿಲ್ಲ, ಊರಿಗೆ ತಕರಾರಿಲ್ಲ

ಎರಡು ಮರಗಳ ನಡುವೆ ಚಪ್ಪಟೆ ಪಟ್ಟಿ ಬಿಗಿದು ಅದರ ಮೇಲೆ ನಡೆಯುವ ಆಟ ಸ್ಲ್ಯಾಕ್‌ಲೈನ್. 1970ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದ ಎವರ್‌ಗ್ರೀನ್ ಸ್ಟೇಟ್ ಕಾಲೇಜಿನಲ್ಲಿ ಆಡಮ್ ಗ್ರೊಸೋವ್‌ಸ್ಕಿ, ಜೆಫ್ ಎಲಿಂಗ್ಟನ್ ಎಂಬ ಇಬ್ಬರು ಬಂಡೆ ಹತ್ತುವವರು ತಮ್ಮ ಸಾಮಗ್ರಿಯ ಪಟ್ಟಿಯನ್ನೇ ಕಟ್ಟಿ ಇದನ್ನು ರೂಢಿಗೆ ತಂದರು. ಈಗ ಪಟ್ಟಿ, ಅದನ್ನು ಬಿಗಿಯುವ ರಾಚೆಟ್ ಎಲ್ಲ ಸೇರಿದ ಕಿಟ್ಟನ್ನು ಮನೆಗೇ ತರಿಸಿಕೊಳ್ಳಬಹುದು. ನಮ್ಮ ಕಡೆಯ ಕೊಳ್ಳೇಗಾಲ, ಹನೂರು, ಯಳಂದೂರಿನ ಮೈದಾನಗಳಲ್ಲಿ ಮರಗಳಿಗೂ ಬರವಿಲ್ಲ. ಆದರೆ ಆ ಮೈದಾನ ನಿಮ್ಮೊಬ್ಬರದಲ್ಲ. ಪಟ್ಟಿಯ ಮೇಲೆ ನಡೆಯುವುದನ್ನು ಕೆಲವೇ ವಾರಗಳಲ್ಲಿ ಕಲಿಯಬಹುದು. ಮುಂದಿನ ಭಾನುವಾರವೂ ಅದೇ ಜಾಗದಲ್ಲಿ ಕಟ್ಟಲು ಜನ ಬಿಡುವಂತೆ ನಡೆದುಕೊಳ್ಳುವುದೇ ಕಷ್ಟ. ಅದಕ್ಕೆ ಬೇಕಾದ ಸೂತ್ರಗಳು ಇಲ್ಲಿವೆ.

1. ಮೊದಲು ಕೇಳಿ, ಆಮೇಲೆ ಕಟ್ಟಿ
ಉದ್ಯಾನವಾದರೆ ಕೊಳ್ಳೇಗಾಲದಲ್ಲಿ ನಗರಸಭೆ, ಹನೂರು ಮತ್ತು ಯಳಂದೂರಿನಲ್ಲಿ ಪಟ್ಟಣ ಪಂಚಾಯಿತಿ. ಶಾಲೆಯ ಮೈದಾನವಾದರೆ ಮುಖ್ಯ ಶಿಕ್ಷಕರು ಮತ್ತು ಶಾಲಾಭಿವೃದ್ಧಿ ಸಮಿತಿ. ಒಂದು ಪುಟದ ಅರ್ಜಿ ಸಾಕು: ಯಾವ ಮರ, ಯಾವ ದಿನ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ. ಬಾಯಿಮಾತಿನ ಒಪ್ಪಿಗೆಯನ್ನು ನಂಬಿ ಕೂರಬೇಡಿ. ಒಪ್ಪಿದವರಿಗೆ ವರ್ಗವಾದರೆ ಒಪ್ಪಿಗೆಗೂ ವರ್ಗ.

2. ಕಾಡು, ಗುಡಿ, ನೀರು ಬೇಡ
ಬಿಳಿಗಿರಿರಂಗನಬೆಟ್ಟದ ಕಾಡು 2011ರಿಂದ ಹುಲಿ ಸಂರಕ್ಷಿತ ಪ್ರದೇಶ, ಮಲೆಮಹದೇಶ್ವರ ಬೆಟ್ಟದ ಕಾಡು 2013ರಿಂದ ವನ್ಯಜೀವಿ ಧಾಮ. ಫೋಟೋ ಚೆನ್ನಾಗಿ ಬರುತ್ತದೆಂದು ಅಲ್ಲಿ ಮರಕ್ಕೆ ಮರ ಕಟ್ಟಲು ಹೋದರೆ ಅರಣ್ಯ ಇಲಾಖೆಯ ಕೈಗೆ ಸಿಗುತ್ತೀರಿ, ಸಿಗಬೇಕು ಕೂಡ. ಬಿಳಿಗಿರಿರಂಗನಬೆಟ್ಟದ ದೊಡ್ಡಸಂಪಿಗೆ ಮರ ಅಲ್ಲಿನ ಸೋಲಿಗರಿಗೆ ದೇವರು. ಊರಿನ ಅರಳಿಕಟ್ಟೆಗೂ ಅದೇ ಮರ್ಯಾದೆ ಸಲ್ಲಬೇಕು. ಯಳಂದೂರಿನ ಬಳೆಮಂಟಪದಂಥ ಹಳೆಯ ಕಟ್ಟಡಗಳ ಕಂಬ ಎಷ್ಟೇ ಗಟ್ಟಿಯಾಗಿ ಕಂಡರೂ ಅದಕ್ಕೆ ಹಗ್ಗ ತಾಗಿಸಕೂಡದು. ಭರಚುಕ್ಕಿ ಜಲಪಾತದ ಬಂಡೆಗಳ ಬಳಿ ಕಟ್ಟುವ ಯೋಚನೆ ಇದ್ದರೆ ಈಗಲೇ ಬಿಡಿ.

3. ಮರದ ಬುಡ ನೋಡಿ, ನೆತ್ತಿಯನ್ನೂ ನೋಡಿ
ಕಟ್ಟುವ ಜಾಗದಲ್ಲಿ ಕಾಂಡ ಕನಿಷ್ಠ 30 ಸೆಂಟಿಮೀಟರ್ ದಪ್ಪವಿರಲಿ. ಟೇಪಿನಲ್ಲಿ ಸುತ್ತಳತೆ ಹಿಡಿದರೆ ಸುಮಾರು ಒಂದು ಮೀಟರ್. ಬಲಿತ ಹುಣಸೆ, ಬೇವು, ಹೊಂಗೆ, ಮಾವು ಆಗಬಹುದು. ನುಗ್ಗೆಗೆ ಜೋಕಾಲಿ ಕಟ್ಟುವವರೂ ಇಲ್ಲ, ನೀವೂ ಕಟ್ಟಬೇಡಿ. ಗುಲ್‌ಮೊಹರಿನ ಕೊಂಬೆ ಗಾಳಿಗೇ ಮುರಿದು ಬೀಳುತ್ತದೆ. ತೆಂಗಿನ ಮರದಡಿ ನಿಂತವನ ತಲೆಗೆ ಕಾಯಿ ಯಾವಾಗ ಬೀಳುತ್ತದೆಂದು ಯಾರೂ ಹೇಳಲಾರರು. ಬುಡ ಟೊಳ್ಳಾಗಿದ್ದರೆ, ಅಣಬೆ ಎದ್ದಿದ್ದರೆ, ಗೆದ್ದಲು ಹಿಡಿದಿದ್ದರೆ ಬೇರೆ ಮರ ಹುಡುಕಿ.

ಇನ್ನು ಮರದ ನೆತ್ತಿ. ಒಣ ಕೊಂಬೆ ಇದೆಯೇ? ಹೆಜ್ಜೇನು ಕಟ್ಟಿದೆಯೇ? ಪಟ್ಟಿ ಬಿಗಿದು ಕುಣಿದರೆ ಮರದ ನೆತ್ತಿಯವರೆಗೂ ಅದುರು ಹೋಗುತ್ತದೆ. ಹೆಜ್ಜೇನು ಎದ್ದರೆ ನಿಮ್ಮ ಜೊತೆ ಇಡೀ ಮೈದಾನ ಓಡಬೇಕು. ಮಾವಿನ ಮರವಾದರೆ ಕೆಂಜಿರುವೆಯ ಗೂಡನ್ನೂ ನೋಡಿಕೊಳ್ಳಿ. ವಿದ್ಯುತ್ ಕಂಬ, ಬೀದಿದೀಪದ ಕಂಬ, ಕಾಂಪೌಂಡ್ ಗೋಡೆ, ಕ್ರಿಕೆಟ್ ನೆಟ್ಟಿನ ಪೈಪು ಇವಕ್ಕೆ ಎಂದಿಗೂ ಕಟ್ಟಬೇಡಿ.

4. ತೊಗಟೆಗೆ ಗೋಣಿ ಸುತ್ತಿ
ಮರದ ಆಹಾರ ಹರಿಯುವುದು ತೊಗಟೆಯ ಒಳಪದರದಲ್ಲಿ. ಅದು ಸುತ್ತಲೂ ಜಜ್ಜಿಹೋದರೆ ಬೇರಿಗೆ ಆಹಾರ ತಲುಪದೆ ಮರ ನಿಧಾನವಾಗಿ ಒಣಗುತ್ತದೆ. ನಾಲ್ಕು ಮಡಿಕೆಯ ಗೋಣಿಚೀಲ, ಹಳೆಯ ಜಮಖಾನೆ, ನಾರಿನ ಕಾಲೊರಸು ಯಾವುದಾದರೂ ಸರಿ. ಪಟ್ಟಿ ತಾಗುವ ಜಾಗಕ್ಕಿಂತ ಎರಡೂ ಕಡೆ ಅಂಗೈ ಅಗಲ ಹೆಚ್ಚಿರಲಿ. ಮೊಳೆ ಹೊಡೆಯುವುದು, ಪಟ್ಟಿ ಜಾರದಿರಲೆಂದು ಮಚ್ಚಿನಲ್ಲಿ ಗೀರು ಹಾಕುವುದು ಖಂಡಿತ ಬೇಡ. ವಾರ ವಾರವೂ ಕಟ್ಟುವವರು ಮರ ಬದಲಿಸುತ್ತಿರಿ.

5. ಲೆಕ್ಕ ತಿಳಿದು ಬಿಗಿಯಿರಿ
ಹೊಸಬರು ಎಡವುವುದು ಇಲ್ಲೇ. ಬಟ್ಟೆ ಒಣಹಾಕುವ ಹಗ್ಗವನ್ನು ಎಷ್ಟು ಬಿಗಿದರೂ ಒದ್ದೆ ಕಂಬಳಿ ಹಾಕಿದಾಗ ಅದು ತಗ್ಗುತ್ತದಲ್ಲ, ಹಾಗೆ ಪಟ್ಟಿಯೂ ತಗ್ಗಲೇಬೇಕು. ತಗ್ಗು ಕಡಿಮೆಯಾದಷ್ಟೂ ಮರದ ಮೇಲಿನ ಎಳೆತ ಏರುತ್ತದೆ. ಸೂತ್ರ ಸರಳ: ನಡುವೆ ನಿಂತವನ ತೂಕವನ್ನು ಪಟ್ಟಿಯ ಉದ್ದದಿಂದ ಗುಣಿಸಿ, ತಗ್ಗಿನ ನಾಲ್ಕರಷ್ಟರಿಂದ ಭಾಗಿಸಿ. 70 ಕೆ.ಜಿ. ತೂಕದವನು 10 ಮೀಟರ್ ಪಟ್ಟಿಯ ನಡುವೆ ನಿಂತಾಗ ಪಟ್ಟಿ ಅರ್ಧ ಮೀಟರ್ ತಗ್ಗಿದರೆ ಪ್ರತಿ ಮರದ ಮೇಲೂ ಸುಮಾರು 350 ಕೆ.ಜಿ. ಎಳೆತ ಬೀಳುತ್ತದೆ. ಕಾಲು ಮೀಟರ್ ಮಾತ್ರ ತಗ್ಗುವಷ್ಟು ಬಿಗಿದರೆ ಅದು 700 ಕೆ.ಜಿ. ಆಗುತ್ತದೆ. ಸುಮ್ಮನೆ ನಿಂತಾಗಿನ ಲೆಕ್ಕ ಇದು. ಕುಣಿದರೆ ಇನ್ನೂ ಹೆಚ್ಚು.

ಆದ್ದರಿಂದ ಕಲಿಯುವವರಿಗೆ 8ರಿಂದ 10 ಮೀಟರ್ ಉದ್ದ, 50 ಮಿಲಿಮೀಟರ್ ಅಗಲದ ಪಟ್ಟಿ ಸಾಕು. ನಡುವೆ ನಿಂತಾಗ ಪಟ್ಟಿ ನೆಲ ಮುಟ್ಟಬಾರದು, ಅಷ್ಟೇ. ಮೊಣಕಾಲಿಗಿಂತ ತುಸು ಮೇಲೆ ಕಟ್ಟಿದರೆ ಅಷ್ಟು ಸಿಗುತ್ತದೆ. ಸೊಂಟದೆತ್ತರಕ್ಕೆ ಕಟ್ಟಿ ಮೆರೆಯುವ ಅಗತ್ಯವಿಲ್ಲ.

6. ಲಾರಿ ಬೆಲ್ಟಿನ ಆಸೆ ಬಿಡಿ
ಲಾರಿಗೆ ಲೋಡು ಬಿಗಿಯುವ ರಾಚೆಟ್ ಬೆಲ್ಟು ಅಗ್ಗಕ್ಕೆ ಸಿಗುತ್ತದೆ, ನೋಡಲೂ ಹಾಗೇ ಇರುತ್ತದೆ. ಆದರೆ ಅದರ ತುದಿಯಲ್ಲಿ ಕಬ್ಬಿಣದ ಕೊಕ್ಕೆ. ಕುಣಿತಕ್ಕೆ ಕೊಕ್ಕೆ ಕಳಚಿಕೊಂಡರೆ ಬಿಗಿದ ಪಟ್ಟಿಯ ಜೊತೆ ಅದೂ ಹಾರಿ ಬರುತ್ತದೆ. ಕೊಕ್ಕೆಯಿಲ್ಲದ, ಮರಕ್ಕೆ ಕುಣಿಕೆ ಹಾಕುವ ಕಿಟ್ಟನ್ನೇ ಕೊಳ್ಳಿ. ರಾಚೆಟ್ಟಿನ ಹಿಡಿ ನೆಲದ ಕಡೆಗಿರಲಿ. ರಾಚೆಟ್ಟನ್ನು ಒಂದು ಗಟ್ಟಿ ಹಗ್ಗದಿಂದ ಮರಕ್ಕೆ ಬೇರೆಯಾಗಿ ಕಟ್ಟಿ; ಪಟ್ಟಿ ಹರಿದರೂ ಕಬ್ಬಿಣ ಹಾರುವುದಿಲ್ಲ. ಬಿಚ್ಚುವಾಗ ರಾಚೆಟ್ ಒಮ್ಮೆಲೇ ಸಡಿಲವಾಗಿ ಜಿಗಿಯುತ್ತದೆ: ಬೆರಳು ದೂರ, ಮುಖ ಇನ್ನೂ ದೂರ, ಪಟ್ಟಿಯ ಮೇಲೆ ಯಾರೂ ಇರಬಾರದು.

7. ದಾರಿ ನಿಮ್ಮದಲ್ಲ
ಯಾವ ಕಾಲುದಾರಿಗೂ ಅಡ್ಡ ಕಟ್ಟಬೇಡಿ, ಅದು ಬರೀ ಹುಲ್ಲು ಸವೆದ ಸಣ್ಣ ದಾರಿಯಾದರೂ. ಕೊಳ್ಳೇಗಾಲದ ಎಂಜಿಎಸ್‌ವಿ ಕಾಲೇಜು ಮೈದಾನದಂಥ ಕಡೆ ಬೆಳಗ್ಗೆ ವಾಕಿಂಗಿನವರು, ಪೊಲೀಸ್ ಮತ್ತು ಸೇನೆ ನೇಮಕಾತಿಗೆ ಓಡಿ ಅಭ್ಯಾಸ ಮಾಡುವ ಹುಡುಗರು ಎಲ್ಲ ಇರಬಹುದು. ನಸುಗತ್ತಲಲ್ಲಿ ಓಡುವವನಿಗೆ ಪಟ್ಟಿ ಕಾಣುವುದೇ ಇಲ್ಲ. ಬೆಳಕು ಹರಿದ ಮೇಲೆ ಕಟ್ಟಿ. ಮೀಟರಿಗೊಂದರಂತೆ ಬಣ್ಣದ ಬಟ್ಟೆಚೂರು ತೂಗುಬಿಡಿ. ಜಾತ್ರೆಯಲ್ಲಿ ಉಳಿದ ತೋರಣವಾದರೂ ಆಯಿತು. ಸಂಜೆ ದನ ಮನೆಗೆ ಮರಳುವ ಹೊತ್ತಿಗೆ ಬಿಚ್ಚಿರಬೇಕು. ಹನೂರು ಕಡೆಯ ಕಾಡಂಚಿನ ಊರುಗಳಲ್ಲಂತೂ ರಾತ್ರಿ ಪಟ್ಟಿ ಬಿಟ್ಟುಹೋಗುವ ಮಾತೇ ಇಲ್ಲ. ಅಲ್ಲಿ ರಾತ್ರಿ ಓಡಾಡುವವರು ಆನೆ, ಹಂದಿ, ಜಿಂಕೆ.

8. ಬಿಟ್ಟು ಕಾಫಿಗೆ ಹೋಗಬೇಡಿ
ಹತ್ತು ನಿಮಿಷ ಕಣ್ಣು ತಪ್ಪಿದರೆ ಐದು ಮಕ್ಕಳು ಅದರ ಮೇಲೆ ಕೂತು ಜೀಕುತ್ತಿರುತ್ತಾರೆ. ಅವರನ್ನು ಗದರಿಸಿ ಓಡಿಸುವ ಬದಲು ಸರದಿಯಲ್ಲಿ ನಿಲ್ಲಿಸಿ: ಒಬ್ಬರಾದ ಮೇಲೆ ಒಬ್ಬರು, ಬರಿಗಾಲಲ್ಲಿ, ಪಕ್ಕದಲ್ಲಿ ಕೈ ಹಿಡಿಯಲು ದೊಡ್ಡವರೊಬ್ಬರು. ರಾಚೆಟ್ ಇರುವ ಮರದ ಬಳಿ ಮಾತ್ರ ಮಕ್ಕಳನ್ನು ಸುಳಿಯಲು ಬಿಡಬೇಡಿ.

9. ಬೀಳುವ ನೆಲ ಗುಡಿಸಿ
ಕಲ್ಲು, ಗಾಜಿನ ಚೂರು, ಜಾಲಿ ಮುಳ್ಳು. ಎರಡೂ ಕಡೆ ಎರಡೆರಡು ಮೀಟರ್.

10. ಪಟ್ಟಿಯ ಆಯುಸ್ಸು ನಿಮ್ಮ ಕೈಯಲ್ಲಿದೆ
ನೈಲಾನ್, ಪಾಲಿಯೆಸ್ಟರ್ ಎರಡಕ್ಕೂ ಬಿಸಿಲೇ ಶತ್ರು. ಹಗಲೆಲ್ಲ ಬಿಸಿಲಿಗೆ ಬಿಟ್ಟ ಪಟ್ಟಿ ನೋಡಲು ಗಟ್ಟಿಯಾಗಿದ್ದರೂ ಒಳಗೆ ಸೊರಗಿರುತ್ತದೆ. ಮಣ್ಣಿನ ಕಣಗಳು ನೂಲಿನ ನಡುವೆ ಸೇರಿ ಅದನ್ನು ಒಳಗಿಂದ ಕೊಯ್ಯುತ್ತವೆ. ಕೆಸರಾದರೆ ತಣ್ಣೀರು, ಸ್ವಲ್ಪ ಸೌಮ್ಯ ಸೋಪು ಹಾಕಿ ತೊಳೆದು ನೆರಳಲ್ಲಿ ಒಣಗಿಸಿ. ಬ್ಲೀಚು ಬೇಡ. ನೈಲಾನ್ ನೀರು ಕುಡಿದಾಗ ಬಲ ಕಳೆದುಕೊಳ್ಳುತ್ತದೆ, ಮಳೆಯಲ್ಲಿ ಆಟ ನಿಲ್ಲಿಸಿ. ಇಲಿ ಓಡಾಡುವ ಅಟ್ಟದಲ್ಲಿ ಇಡಬೇಡಿ. ಕಟ್ಟುವ ಮುನ್ನ ಪ್ರತಿ ಸಲವೂ ಅಂಚಿನುದ್ದಕ್ಕೂ ಬೆರಳಾಡಿಸಿ. ಅಂಚಿನ ನೂಲು ತುಂಡಾಗಿದ್ದರೆ ಪಟ್ಟಿ ಮುಗಿಯಿತು, ಗಂಟು ಹಾಕಿ ಮುಂದುವರಿಸುವಂತಿಲ್ಲ. ರೇಷ್ಮೆ ನೇಯುವ ಕೊಳ್ಳೇಗಾಲದಲ್ಲಿ ಎಳೆಯ ದೋಷ ಹಿಡಿಯುವ ಕಣ್ಣಿರುವವರು ಬೇಕಾದಷ್ಟು ಜನ ಇದ್ದಾರೆ. ಅನುಮಾನವಿದ್ದರೆ ಅಂಥ ಒಬ್ಬರಿಗೆ ತೋರಿಸಿ.

11. ದೊಂಬರಾಟದಿಂದ ಕಲಿಯಿರಿ
“ಏನಪ್ಪಾ ಇದು, ದೊಂಬರಾಟವಾ?” ಎಂದು ಮೈದಾನದಲ್ಲಿ ಯಾರಾದರೂ ಹಿರಿಯರು ಕೇಳಿಯೇ ಕೇಳುತ್ತಾರೆ. ಹೌದು ತಾತ ಎನ್ನಿ, ತಪ್ಪೇನಿಲ್ಲ. ಹಗ್ಗದ ಮೇಲೆ ನಡೆಯುವುದನ್ನು ನಮ್ಮ ಊರುಗಳು ಅಮೆರಿಕದಿಂದ ಕಲಿಯಬೇಕಾಗಿರಲಿಲ್ಲ. ದೊಂಬರ ಹಗ್ಗ ಬಿಗಿ, ಕೈಯಲ್ಲಿ ತೂಕ ಹಿಡಿಯುವ ಗಳ. ನಿಮ್ಮದು ಚಪ್ಪಟೆ, ತೊನೆಯುವ ಪಟ್ಟಿ, ಕೈ ಖಾಲಿ. ಆದರೆ ಅವರು ಹಗ್ಗ ಕಟ್ಟುವುದು ಮರಕ್ಕಲ್ಲ, ಕತ್ತರಿಯಾಗಿ ನಿಲ್ಲಿಸಿದ ಬಿದಿರ ಗಳಗಳಿಗೆ. ಹಗ್ಗದ ತುದಿ ನೆಲದ ಗೂಟಕ್ಕೆ. ಆಟ ಮುಗಿದ ಮೇಲೆ ಎಲ್ಲ ಕಿತ್ತು ಹೊರಡುತ್ತಾರೆ, ಆ ಊರಿನ ಒಂದು ಮರಕ್ಕೂ ಗಾಯವಿರುವುದಿಲ್ಲ.

12. ಕಂಬ ಕೇಳಿ
ಉದ್ಯಾನದಲ್ಲಿ ವ್ಯಾಯಾಮದ ಸಲಕರಣೆ ಹಾಕಿಸುವಾಗ ಅದರ ಪಕ್ಕದಲ್ಲೇ ಎಂಜಿನಿಯರ್ ಲೆಕ್ಕ ಹಾಕಿ ಕಾಂಕ್ರೀಟಿನಲ್ಲಿ ಕೂರಿಸಿದ ಎರಡು ಉಕ್ಕಿನ ಕಂಬಗಳು ಬಂದರೆ ಮರಗಳ ಗೊಡವೆಯೇ ಇರುವುದಿಲ್ಲ. ಕೊಳ್ಳೇಗಾಲದವರು ನಗರಸಭೆಗೆ, ಹನೂರು ಯಳಂದೂರಿನವರು ಪಟ್ಟಣ ಪಂಚಾಯಿತಿಗೆ ಬಜೆಟ್ಟಿನ ಮುಂಚೆಯೇ ಅರ್ಜಿ ಕೊಡಿ. ಐದನೆಯ ಸೂತ್ರದ ಲೆಕ್ಕವನ್ನೂ ಅದಕ್ಕೆ ಲಗತ್ತಿಸಿ.