ಕೊಡದೊಳಗಿನ ಲೋಳೆ

ಯಲಹಂಕದ ನಮ್ಮ ಬೀದಿಗೆ ಕಾವೇರಿ ನೀರು ದಿನಾ ಬರೋದಿಲ್ಲ. ಬಂದ ದಿನ ಕೊಡ, ಬಕೆಟ್ಟು, ಡ್ರಮ್ಮು ಎಲ್ಲಾ ತುಂಬಿಡುತ್ತೇವೆ. ನಿಮ್ಮ ಮನೆಯಲ್ಲೂ ಹಾಗೇ ಅಲ್ಲವೇ?

ಡ್ರಮ್ಮು ಖಾಲಿಯಾದಾಗ ಒಳಗೆ ಬೆರಳಿನಿಂದ ಸವರಿ ನೋಡಿ. ಜಾರುತ್ತದೆಯೇ? ಅದು ಬರೀ ಕೊಳೆ ಅಲ್ಲ. ಸೂಕ್ಷ್ಮಜೀವಿಗಳ ಊರು.

ಇವು ಬರಿಗಣ್ಣಿಗೆ ಕಾಣವು. ಸುಮಾರು 500 ಜೀವಿಗಳನ್ನು ಸಾಲಾಗಿ ಇಟ್ಟರೆ ಒಂದು ಮಿಲಿಮೀಟರ್ ಆಗುತ್ತದೆ. ಎಲ್ಲವೂ ಕೆಟ್ಟವಲ್ಲ. ಹಾಲನ್ನು ಮೊಸರು ಮಾಡುವುದೂ ಇಂಥವೇ. ಕೆಲವಕ್ಕೆ ಬಾಲ ಇದೆ. ಕಾಲರಾ ರೋಗಾಣುವಿಗೆ ಒಂದೇ ಬಾಲ. ಟೈಫಾಯಿಡ್ ರೋಗಾಣುವಿಗೆ ಮೈಸುತ್ತ ಬಾಲ. ಬಾಲವನ್ನು ಗಿರ್ರನೆ ತಿರುಗಿಸಿ ನೀರಿನಲ್ಲಿ ಈಜುತ್ತವೆ. ಒಂದು ರಾಗಿ ಕಾಳಿನಷ್ಟು ದೂರ ಹೋಗಲು ಸುಮಾರು ಒಂದು ನಿಮಿಷ ಬೇಕು. ಅವುಗಳ ಮೈಗೆ ಅದು ದೊಡ್ಡ ಪ್ರಯಾಣವೇ!

ಪಾತ್ರೆಯ ಗೋಡೆ ಸಿಕ್ಕರೆ ಅಂಟಿಕೊಳ್ಳುತ್ತವೆ. ಮೈಯಿಂದ ಅಂಟು ಬಿಟ್ಟು ಅದರೊಳಗೆ ಮನೆ ಮಾಡುತ್ತವೆ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ನಲ್ಲಿ ನೀರಿನ ಕ್ಲೋರಿನ್ ತೇಲುವ ರೋಗಾಣುಗಳನ್ನು ಕೊಲ್ಲುತ್ತದೆ. ಲೋಳೆಯ ಅಡಿಗೆ ಅದು ಸರಿಯಾಗಿ ಇಳಿಯದು. ಅಲ್ಲಿ ಉಳಿದವು ಕಳಚಿಕೊಂಡು ಮತ್ತೆ ನೀರಿಗೆ ಬರುತ್ತವೆ.

ನಾನೂ ಮೊದಲು ಕೊಡವನ್ನು ಬರೀ ಕುಲುಕಿ ಚೆಲ್ಲುತ್ತಿದ್ದೆ. ಟೀಚರ್ ಆಗಿ ಏನು ಬಂತು? ಮಗನಿಗೆ ಎರಡು ಸಲ ಭೇದಿ ಆಯಿತು. ಕೊಡದಿಂದಲೇ ಅಂತ ಹೇಳಲಾರೆ. ಆದರೆ ಅಂದಿನಿಂದ ಸೋಪು, ತೆಂಗಿನ ನಾರು ಹಾಕಿ ತಿಕ್ಕುತ್ತೇನೆ. ಕುಲುಕಿದರೆ ಲೋಳೆ ಬಿಡುವುದಿಲ್ಲ. ಕೊಡದ ಕಂಠದ ಸಂದಿಗೂ ಕೈ ಹಾಕಿ. ತೊಳೆದು ಬಿಸಿಲಿಗೆ ಬೋರಲು ಹಾಕಿ, ಪೂರ್ತಿ ಒಣಗಲಿ.

ಕುಡಿಯುವ ನೀರನ್ನು ಕುದಿಸಿ. ಕುದಿಸಿದ ನೀರನ್ನು ಲೋಳೆ ಕಟ್ಟಿದ ಕೊಡಕ್ಕೇ ಸುರಿದರೆ ಗ್ಯಾಸು ದಂಡ.