ಚಂದ್ರಂಪಳ್ಳಿಗೆ ಹೋಗುವವರು ನೆಲ ನೋಡಿ ನಡೆಯಲಿ

ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಚಂದ್ರಂಪಳ್ಳಿ ಜಲಾಶಯವನ್ನೂ ಅದರ ಸುತ್ತಲಿನ ಕುರುಚಲು ಕಾಡನ್ನೂ ನೋಡಲು ಮಳೆಗಾಲ ಮುಗಿದ ಮೇಲಿನ ತಿಂಗಳುಗಳು ಒಳ್ಳೆಯವು. 2011ರಲ್ಲಿ ವನ್ಯಜೀವಿಧಾಮವಾದ ಈ ಕಾಡು ಸುಮಾರು 134 ಚದರ ಕಿ.ಮೀ. ಹಬ್ಬಿದೆ. ಒಳಗೆ ಹೋಗುವ ಮುಂಚೆ ಅರಣ್ಯ ಇಲಾಖೆಯನ್ನು ಕೇಳಿಕೊಳ್ಳಿ. ಹಾವಿಗೆ ಹೆದರಿ ಈ ಪ್ರವಾಸವನ್ನೇ ಬಿಡುವುದು ಎಷ್ಟು ತಪ್ಪೋ, ಚಪ್ಪಲಿ ಮೆಟ್ಟಿಕೊಂಡು ಪೊದೆಗೆ ನುಗ್ಗುವುದೂ ಅಷ್ಟೇ ತಪ್ಪು. ಮಂಡಲದ ಹಾವು ಎಂಥ ನೆಲದಲ್ಲಿ ಇರುತ್ತದೆಂದು ತಿಳಿದವರಿಗೆ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.

ಈ ಸೀಮೆಯಲ್ಲಿ ಎಚ್ಚರ ಬೇಕಾದ ಮಂಡಲಗಳು ಎರಡು. ಗರಗಸ ಮಂಡಲ ಒಂದೆರಡು ಅಡಿಯ ಸಣ್ಣ ಹಾವು. ಬಿಸಿಲಿಗೆ ಕಲ್ಲಿನಡಿ ಅಡಗಿ, ಕತ್ತಲಾದ ಮೇಲೆ ಹೊರಬರುತ್ತದೆ. ಕೆಣಕಿದರೆ ಮೈಯ ಹುರುಪೆಗಳನ್ನು ಉಜ್ಜಿ ಸರಸರ ಸದ್ದು ಮಾಡುತ್ತದೆ. ಇದೇ ಕುಲದ ಹಾವುಗಳು ಆಫ್ರಿಕಾದ ಸಹಾರಾ ಅಂಚಿನಿಂದ ಪಶ್ಚಿಮದ ಹುಲ್ಲುಗಾವಲಿನವರೆಗೂ ಇವೆ. ಅಲ್ಲಿ ಕಚ್ಚಿಸಿಕೊಳ್ಳುವವರಲ್ಲಿ ಹೆಚ್ಚಿನವರು ಹೊಲದಲ್ಲಿ ದುಡಿಯುವವರು, ದನ ಮೇಯಿಸುವವರು. ಒಣನೆಲ, ಕಲ್ಲು, ಬರಿಗಾಲು ಸೇರಿದಲ್ಲೆಲ್ಲ ಅಪಾಯ ಒಂದೇ ಬಗೆಯದು. ಕೊಳಕುಮಂಡಲ ಇಲಿಯ ಬೆನ್ನು ಹತ್ತುವ ಹಾವು. ಆದ್ದರಿಂದ ತೊಗರಿ ಹೊಲ, ಹುಲ್ಲಿನ ಬದು, ಕಣದ ಸೊಪ್ಪೆಯಲ್ಲಿ ಅದನ್ನು ನಿರೀಕ್ಷಿಸಬೇಕು. ಅದು ಕುಕ್ಕರಿನ ಸೀಟಿಯಂತೆ ಬುಸುಗುಡುತ್ತದೆ; ಓಡುವುದಕ್ಕಿಂತ ಮಲಗಿದಲ್ಲೇ ಇರುವುದು ಹೆಚ್ಚು. ಶಹಾಬಾದ್, ವಾಡಿ ಕಡೆಯ ಹಾಸುಗಲ್ಲಿನ ರಾಶಿಗಳಿಗೂ ಕೈ ಹಾಕಬೇಡಿ.

ಹಾವು ಎಲ್ಲಿಗೆ ಬೇಕಾದರೂ ಬರಬಹುದಲ್ಲ, ನೆಲ ನೋಡಿ ಏನು ಪ್ರಯೋಜನ ಎಂದು ಕೇಳಬಹುದು. ನಿಜ, ಅದು ದಾರಿಯನ್ನೂ ದಾಟುತ್ತದೆ. ಆದರೆ ದಾರಿಯ ಮೇಲಿನ ಹಾವು ಕಣ್ಣಿಗೆ ಬೀಳುತ್ತದೆ. ಎಲೆಯಡಿಯದು ಕಾಲಿಗೇ ಸಿಗುತ್ತದೆ. ಹಾಗಾಗಿ ಕಣಕಾಲು ಮುಚ್ಚುವ ಬೂಟು, ದಪ್ಪ ಪ್ಯಾಂಟು, ಕತ್ತಲಲ್ಲಿ ಟಾರ್ಚು ಇರಲೇಬೇಕು. ಕಟ್ಟಿಗೆ ಆರಿಸುವಾಗ, ಬಂಡೆ ಏರುವಾಗ ಮೊದಲು ಕಣ್ಣು, ಆಮೇಲೆ ಕೈ. ಕಂಡ ಹಾವನ್ನು ಕೊಂದರೆ ನಿಶ್ಚಿಂತೆ ಎನ್ನುವವರೂ ಉಂಟು. ಕೊಲ್ಲಲು ಹತ್ತಿರ ಹೋದವರೇ ಕಚ್ಚಿಸಿಕೊಳ್ಳುವುದುಂಟು. ಕೊಲ್ಲುವುದು ಕಾನೂನಿಗೂ ವಿರುದ್ಧ. ಇಲಿಗಳನ್ನು ತಿಂದು ರೈತನ ಬೆಳೆ ಉಳಿಸುವುದೂ ಇದೇ ಹಾವು.

ಕಚ್ಚಿದರೆ ಯಾವ ಹಾವೆಂದು ಗುರುತಿಸಲು ಅದನ್ನು ಹಿಡಿದೊಯ್ಯಬೇಕು ಎಂಬ ನಂಬಿಕೆಯನ್ನೂ ಬಿಡಿ. ನಮ್ಮ ಆಸ್ಪತ್ರೆಗಳ ಪ್ರತಿವಿಷವನ್ನು ನಾಗರ, ಕಟ್ಟು ಹಾವು, ಈ ಎರಡು ಮಂಡಲ, ಹೀಗೆ ನಾಲ್ಕಕ್ಕೂ ಸೇರಿಸಿಯೇ ತಯಾರಿಸುತ್ತಾರೆ. ಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಕೊಳಕುಮಂಡಲದ್ದು ಮೂತ್ರಪಿಂಡವನ್ನೂ ಕೆಡಿಸಬಲ್ಲದು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ನಾಟಿ ಔಷಧಿಗೆ ಕಾಯುವುದು ಇವೆಲ್ಲ ಹಾನಿ. ಉಂಗುರ, ಬಳೆ ತೆಗೆದು, ಕಚ್ಚಿದ ಭಾಗ ಅಲುಗದಂತೆ ಇಟ್ಟು, 108ಕ್ಕೆ ಕರೆಮಾಡಿ. ತಡವಾಗುವಂತಿದ್ದರೆ ಸಿಕ್ಕ ವಾಹನದಲ್ಲೇ ಹೊರಡಿ. ಕಾಡಿನಲ್ಲಿ ಫೋನು ಕೈಕೊಡಬಹುದು, ಕಲಬುರಗಿಯ ದೊಡ್ಡ ಆಸ್ಪತ್ರೆಗಳು ದೂರ. ಆದ್ದರಿಂದ ಹತ್ತಿರದ ಯಾವ ಸರ್ಕಾರಿ ಆಸ್ಪತ್ರೆಯಲ್ಲಿ ಪ್ರತಿವಿಷ ಇದೆಯೆಂದು ಹೊರಡುವ ಮುನ್ನವೇ ವಿಚಾರಿಸಿ, ಆ ದಾರಿಯನ್ನು ಜೊತೆಯವರಿಗೂ ಹೇಳಿಡಿ.